ಫೈಬ್ರಿನೋಜನ್: ಪದೇ ಪದೇ ಕೇಳುವ ಪ್ರಶ್ನೆಗಳು

ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಎಂದರೆ ಹೆಚ್ಚಿನವರಿಗೆ ಥಟ್ಟನೆ ನೆನಪಾಗುವುದು ಹಿಮೋಫಿಲಿಯಾದಲ್ಲಿ ಕೊರತೆಯಾಗುವ ಎಂಟನೇ ಫ್ಯಾಕ್ಟರ್. ಆದರೆ ಹೆರಿಗೆ ವಾರ್ಡ್, ಐಸಿಯು, ಹಾವು ಕಚ್ಚಿದವರ ಚಿಕಿತ್ಸೆ ಎಲ್ಲೇ ಆಗಲಿ, ಮೊದಲು ಬರಿದಾಗುವ ಪ್ರೋಟೀನ್ ಬಹುಪಾಲು ಫೈಬ್ರಿನೋಜನ್. ರೋಗಿಯ ಮನೆಯವರು, ನರ್ಸ್‌ಗಳು, ಲ್ಯಾಬ್ ಟೆಕ್ನಿಷಿಯನ್‌ಗಳು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಚಿಕಿತ್ಸೆಯ ತೀರ್ಮಾನ ರೋಗಿಯನ್ನು ಕಣ್ಣಾರೆ ನೋಡುತ್ತಿರುವ ವೈದ್ಯರದ್ದೇ.

ಫೈಬ್ರಿನೋಜನ್ ಅಂದರೇನು? ಅದು ಮಾಡುವ ಕೆಲಸವೇನು?

ಯಕೃತ್ತಿನಲ್ಲಿ ತಯಾರಾಗಿ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಕರಗಿಕೊಂಡೇ ಓಡಾಡುವ ದೊಡ್ಡ ಪ್ರೋಟೀನ್ ಇದು. ಅಣುತೂಕ ಸುಮಾರು 3,40,000 ಡಾಲ್ಟನ್. ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಬಗೆಯ ಸರಪಳಿಗಳು ಎರಡೆರಡು ಸೇರಿ ಒಂದು ಅಣು ಆಗುತ್ತದೆ. ಮೂರಕ್ಕೂ ಬೇಕಾದ ಜೀನ್‌ಗಳು 4ನೇ ಕ್ರೋಮೋಸೋಮ್‌ನಲ್ಲಿ ಅಕ್ಕಪಕ್ಕದಲ್ಲೇ ಇವೆ.

ಗಾಯವಾದಾಗ ಹುಟ್ಟುವ ಥ್ರಾಂಬಿನ್ ಎಂಬ ಕಿಣ್ವ ಈ ಅಣುವಿನಿಂದ ಎರಡು ಬಗೆಯ ಚಿಕ್ಕ ತುಣುಕುಗಳನ್ನು ಕತ್ತರಿಸಿ ಹಾಕುತ್ತದೆ. ಉಳಿದ ಭಾಗದ ಹೆಸರು ಫೈಬ್ರಿನ್. ಅದು ನೀರಿನಲ್ಲಿ ಕರಗದು. ಒಂದಕ್ಕೊಂದು ಅಂಟಿಕೊಂಡು ಎಳೆಯಾಗಿ, ಎಳೆಗಳು ಸೇರಿ ಜಾಲವಾಗುತ್ತವೆ. ಆಮೇಲೆ 13ನೇ ಫ್ಯಾಕ್ಟರ್ ಬಂದು ಎಳೆಗಳನ್ನು ಪರಸ್ಪರ ಬೆಸೆಯುತ್ತದೆ. ಈ ಬೆಸುಗೆ ಇಲ್ಲದ ಹೆಪ್ಪು ನೋಡಲು ಸರಿಯಾಗಿಯೇ ಕಾಣುತ್ತದೆ, ಆದರೆ ನಿಲ್ಲದೆ ಕರಗಿಹೋಗುತ್ತದೆ.

ಇಷ್ಟೇ ಅಲ್ಲ, ಒಂದು ಪ್ಲೇಟ್‌ಲೆಟ್ಟನ್ನು ಇನ್ನೊಂದಕ್ಕೆ ಜೋಡಿಸುವುದೂ ಫೈಬ್ರಿನೋಜನ್ನೇ. ಹಾಗಾಗಿ ಪ್ಲೇಟ್‌ಲೆಟ್ ಎರಡು ಲಕ್ಷ ಇದ್ದರೂ ಇದಿಲ್ಲದಿದ್ದರೆ ರಕ್ತ ನಿಲ್ಲುವುದು ಕಷ್ಟ. "ಪ್ಲೇಟ್‌ಲೆಟ್ ಸರಿಯಾಗಿದೆಯಲ್ಲ, ಮತ್ತೇಕೆ ರಕ್ತ ಸೋರುತ್ತಿದೆ" ಎಂಬ ಪ್ರಶ್ನೆಗೆ ಎಷ್ಟೋ ಸಲ ಇದೇ ಉತ್ತರ.

ಎಷ್ಟಿದ್ದರೆ ಸರಿ?

ಆರೋಗ್ಯವಂತ ವಯಸ್ಕರಲ್ಲಿ ಡೆಸಿಲೀಟರ್ ಪ್ಲಾಸ್ಮಾಕ್ಕೆ 200ರಿಂದ 400 ಮಿ.ಗ್ರಾಂ. ಕೆಲವು ಲ್ಯಾಬ್‌ಗಳು ಇದನ್ನೇ ಲೀಟರ್‌ಗೆ 2ರಿಂದ 4 ಗ್ರಾಂ ಎಂದು ಬರೆಯುತ್ತವೆ. ಒಂದು ರಿಪೋರ್ಟ್‌ನಲ್ಲಿ 2.4, ಇನ್ನೊಂದರಲ್ಲಿ 240 ಕಂಡರೆ ಗಾಬರಿ ಬೇಡ, ಎರಡೂ ಒಂದೇ.

ಸಂಖ್ಯೆಗಿಂತ ಮುಖ್ಯವಾದ ವಿಷಯ, ಅದು ಯಾರ ರಕ್ತ, ಯಾವ ಹೊತ್ತಿನಲ್ಲಿ ತೆಗೆದದ್ದು ಎಂಬುದು. ಬಸುರಿಯಲ್ಲಿ ತಿಂಗಳು ತುಂಬುತ್ತ ಬಂದಂತೆ ಫೈಬ್ರಿನೋಜನ್ 400ರಿಂದ 600ರವರೆಗೆ ಏರುತ್ತದೆ. ಅಂಥವಳಲ್ಲಿ 210 ಬಂದರೆ ರಿಪೋರ್ಟ್‌ನಲ್ಲಿ ಕೆಂಪು ಗುರುತು ಇರುವುದಿಲ್ಲ, 'ನಾರ್ಮಲ್' ಎಂದೇ ಅಚ್ಚಾಗಿರುತ್ತದೆ. ನಿಜದಲ್ಲಿ ಅವಳ ಅರ್ಧದಷ್ಟು ಫೈಬ್ರಿನೋಜನ್ ಆಗಲೇ ಖರ್ಚಾಗಿದೆ. ನ್ಯುಮೋನಿಯಾ, ಸೆಪ್ಸಿಸ್‌ಗಳಲ್ಲಿಯೂ ಇದೇ ಕಥೆ. ಸೋಂಕಿನಲ್ಲಿ ಯಕೃತ್ತು ಫೈಬ್ರಿನೋಜನ್ ತಯಾರಿಯನ್ನು ಹೆಚ್ಚಿಸುವುದರಿಂದ 500-600 ಇರಬೇಕಾದ ಕಡೆ 220 ಕಂಡರೆ ಒಳಗೆಲ್ಲೋ ವೆಚ್ಚವಾಗುತ್ತಿದೆ ಎಂದೇ ಅರ್ಥ. ಆರು ತಾಸಿನ ಅಂತರದ ಎರಡು ಸಂಖ್ಯೆಗಳು ಹೇಳುವಷ್ಟನ್ನು ಒಂದೇ ಒಂದು ಸಂಖ್ಯೆ ಹೇಳಲಾರದು.

ಪಿಟಿ, ಐಎನ್‌ಆರ್ ಎರಡೂ ಸರಿಯಿವೆ. ಮತ್ತೆ ಈ ಪರೀಕ್ಷೆ ಯಾಕೆ?

ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಪಿಟಿ (ಅದರದ್ದೇ ಇನ್ನೊಂದು ಲೆಕ್ಕ ಐಎನ್‌ಆರ್), ಎಪಿಟಿಟಿ ಪರೀಕ್ಷೆಗಳು ಫೈಬ್ರಿನೋಜನ್ ಸಾಕಷ್ಟು ಇಳಿಯುವವರೆಗೂ, ಸುಮಾರು 100ರ ಆಸುಪಾಸಿಗೆ ಬರುವವರೆಗೂ, ಹೆಚ್ಚು ಬದಲಾಗುವುದಿಲ್ಲ. ಆದರೆ ರಕ್ತ ಸುರಿಯುತ್ತಿರುವ ರೋಗಿಗೆ 150 ಕೂಡ ಸಾಲದು. ಆದ್ದರಿಂದ ದೊಡ್ಡ ರಕ್ತಸ್ರಾವದಲ್ಲಿ ಫೈಬ್ರಿನೋಜನ್ನನ್ನು ಬೇರೆಯಾಗಿಯೇ ಬರೆದು ಕಳಿಸಬೇಕು.

ಪರೀಕ್ಷೆ ಹೇಗೆ ಮಾಡುತ್ತಾರೆ? ರಿಪೋರ್ಟ್ ತಪ್ಪಾಗುವುದು ಎಲ್ಲಿ?

ಹೆಚ್ಚಿನ ಲ್ಯಾಬ್‌ಗಳಲ್ಲಿ ನಡೆಯುವುದು ಕ್ಲಾಸ್ (Clauss) ಎಂಬುವರ ವಿಧಾನ. 1957ರಲ್ಲಿ ಪ್ರಕಟವಾಗಿ ಇಂದಿಗೂ ಚಾಲ್ತಿಯಲ್ಲಿದೆ. ಪ್ಲಾಸ್ಮಾವನ್ನು ಹತ್ತು ಪಟ್ಟು ತೆಳುಮಾಡಿ, 37 ಡಿಗ್ರಿಯಲ್ಲಿ ಥ್ರಾಂಬಿನ್ನನ್ನು ಧಾರಾಳವಾಗಿ ಹಾಕಿ, ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕು ಎಂದು ನೋಡುತ್ತಾರೆ. ಥ್ರಾಂಬಿನ್‌ಗೆ ಬರವಿಲ್ಲದ ಕಾರಣ ಆ ಸಮಯವನ್ನು ನಿರ್ಧರಿಸುವುದು ಫೈಬ್ರಿನೋಜನ್ ಪ್ರಮಾಣ ಮಾತ್ರ. ಕೆಲವು ಯಂತ್ರಗಳು ಪಿಟಿ ಮಾಡುವಾಗಲೇ ಲೆಕ್ಕ ಹಾಕಿ 'ಡಿರೈವ್ಡ್ ಫೈಬ್ರಿನೋಜನ್' ಎಂದು ಕೊಡುತ್ತವೆ. ತೀರಾ ಕಡಿಮೆ ಇರುವವರಲ್ಲಿ ಈ ಲೆಕ್ಕವನ್ನು ನಂಬುವ ಹಾಗಿಲ್ಲ.

ತಪ್ಪುಗಳು ಬಹುಪಾಲು ಲ್ಯಾಬ್ ಬಾಗಿಲು ತಲುಪುವ ಮೊದಲೇ ಆಗಿಬಿಟ್ಟಿರುತ್ತವೆ. ನೀಲಿ ಮುಚ್ಚಳದ ಟ್ಯೂಬ್‌ನಲ್ಲಿ 3.2 ಶೇಕಡಾ ಸೋಡಿಯಂ ಸಿಟ್ರೇಟ್ ಇರುತ್ತದೆ. 0.3 ಮಿ.ಲೀ. ಸಿಟ್ರೇಟ್‌ಗೆ 2.7 ಮಿ.ಲೀ. ರಕ್ತ, ಅಂದರೆ ಒಂದಕ್ಕೆ ಒಂಬತ್ತು. ಗುರುತಿನ ಗೆರೆಯವರೆಗೆ ತುಂಬದಿದ್ದರೆ ಸಿಟ್ರೇಟ್ ಹೆಚ್ಚಾಗಿ ಪ್ಲಾಸ್ಮಾ ತೆಳುವಾಗುತ್ತದೆ, ಫಲಿತಾಂಶ ಕೆಡುತ್ತದೆ. ರಕ್ತ ಹಾಕಿದ ತಕ್ಷಣ ಟ್ಯೂಬನ್ನು ಮೂರ್ನಾಲ್ಕು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಮಾಡದಿದ್ದರೆ ತಳದಲ್ಲಿ ಚಿಕ್ಕ ಹೆಪ್ಪು ಕೂರುತ್ತದೆ, ಫೈಬ್ರಿನೋಜನ್ ಅದರೊಳಗೇ ಖರ್ಚಾಗಿ ಸಂಖ್ಯೆ ಸುಳ್ಳಾಗಿ ಇಳಿಯುತ್ತದೆ. ಸಲೈನ್ ಹೋಗುತ್ತಿರುವ ಕೈಯಿಂದ ತೆಗೆದರೂ ಅಷ್ಟೇ. ಹೆಪಾರಿನ್ ಹಾಕಿದ ಲೈನ್‌ನಿಂದ ತೆಗೆಯಲೇಬಾರದು. ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 55 ದಾಟಿದವರಲ್ಲಿ ಪ್ಲಾಸ್ಮಾ ಕಡಿಮೆ ಇರುವುದರಿಂದ ಸಿಟ್ರೇಟ್ ಪ್ರಮಾಣವನ್ನು ಕಡಿಮೆ ಮಾಡಿಕೊಳ್ಳಬೇಕು. ರೋಗಿ ಡಾಬಿಗಟ್ರಾನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬ್‌ಗೆ ತಿಳಿಸಿ. ಅದು ಥ್ರಾಂಬಿನ್ನನ್ನೇ ತಡೆಯುವುದರಿಂದ ಫೈಬ್ರಿನೋಜನ್ ಇದ್ದರೂ ಕಡಿಮೆ ಎಂದು ತೋರಿಸಬಹುದು.

ಕೆಂಪು ಮುಚ್ಚಳದ ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವವೇ ಸೀರಂ, ಅದರಲ್ಲಿ ಫೈಬ್ರಿನೋಜನ್ ಇರುವುದೇ ಇಲ್ಲ. ಇದರ ಉಲ್ಟಾ ತಪ್ಪೂ ನಡೆಯುತ್ತದೆ. ಸೀರಂ ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್‌ಗೆ (ಪ್ರೋಟೀನ್‌ಗಳನ್ನು ಪಟ್ಟಿಗಳಾಗಿ ಬೇರ್ಪಡಿಸಿ ನೋಡುವ ಪರೀಕ್ಷೆ) ಯಾರೋ ಪ್ಲಾಸ್ಮಾ ಕಳಿಸಿಬಿಟ್ಟರೆ ಬೀಟಾ, ಗಾಮಾ ಪಟ್ಟಿಗಳ ನಡುವೆ ಫೈಬ್ರಿನೋಜನ್‌ನ ಗೆರೆ ಮೂಡಿ ಮೈಲೋಮಾ ಕ್ಯಾನ್ಸರ್ ಎಂಬ ಅನುಮಾನ ಹುಟ್ಟಿಸುತ್ತದೆ. ಮತ್ತೊಮ್ಮೆ ಸರಿಯಾದ ಟ್ಯೂಬ್‌ನಲ್ಲಿ ಕಳಿಸಿದರೆ ಗೆರೆ ಮಾಯ.

ಹೆರಿಗೆಯ ರಕ್ತಸ್ರಾವದಲ್ಲಿ ಇದಕ್ಕೆ ಅಷ್ಟೊಂದು ಮಹತ್ವ ಯಾಕೆ?

ರಕ್ತ ಹರಿಯುವಾಗ ಎಲ್ಲ ಫ್ಯಾಕ್ಟರ್‌ಗಳೂ ಕಡಿಮೆಯಾಗುತ್ತವೆ, ಆದರೆ ಅಪಾಯದ ಮಟ್ಟ ಮೊದಲು ಮುಟ್ಟುವುದು ಫೈಬ್ರಿನೋಜನ್. 2007ರಲ್ಲಿ ಪ್ರಕಟವಾದ ಫ್ರಾನ್ಸ್‌ನ ಒಂದು ಅಧ್ಯಯನದಲ್ಲಿ, ಹೆರಿಗೆ ನಂತರದ ರಕ್ತಸ್ರಾವ ಶುರುವಾದ ಹೊತ್ತಿನಲ್ಲೇ ಫೈಬ್ರಿನೋಜನ್ 200 ಅಥವಾ ಅದಕ್ಕಿಂತ ಕಡಿಮೆ ಇದ್ದ ಹೆಂಗಸರೆಲ್ಲರಲ್ಲೂ ಪರಿಸ್ಥಿತಿ ಗಂಭೀರವಾಯಿತು. ಈಗ ಹಲವು ಕಡೆ ಬಾಣಂತಿಯಲ್ಲಿ 200ಕ್ಕಿಂತ ಕೆಳಗೆ ಬಿಡಬಾರದು ಎಂಬ ಗುರಿ ಇಟ್ಟುಕೊಂಡಿರುವುದು ಇದರಿಂದಲೇ.

ಕಾರಣಗಳಲ್ಲಿ ಎಲ್ಲಕ್ಕಿಂತ ವೇಗದ್ದು ಮಾಸು ಅವಧಿಗೆ ಮುಂಚೆ ಕಳಚಿಕೊಳ್ಳುವುದು. ಹೊರಗೆ ಕಾಣುವ ರಕ್ತ ಸ್ವಲ್ಪವೇ ಇರಬಹುದು. ಮಾಸಿನ ಹಿಂದೆ ಸೇರಿಕೊಂಡ ದೊಡ್ಡ ಹೆಪ್ಪು ಒಳಗೊಳಗೇ ಫೈಬ್ರಿನೋಜನ್ ನುಂಗುತ್ತಿರುತ್ತದೆ. ಗರ್ಭನೀರು ತಾಯಿಯ ರಕ್ತಕ್ಕೆ ಸೇರಿದಾಗಲೂ ಹೀಗೇ ನಿಮಿಷಗಳಲ್ಲಿ ಕುಸಿಯುತ್ತದೆ. ಹೊಟ್ಟೆಯಲ್ಲೇ ಸತ್ತ ಮಗು ನಾಲ್ಕು ವಾರ ದಾಟಿ ಉಳಿದುಬಿಟ್ಟರೆ ಕುಸಿತ ನಿಧಾನ, ಆದರೆ ಅದರ ಮೇಲೆ ಕಣ್ಣಿಟ್ಟಿರಲೇಬೇಕು.

ರಕ್ತಸ್ರಾವದಲ್ಲಿ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಫೈಬ್ರಿನೋಜನ್ ಹೆಚ್ಚಿಸುವ ಔಷಧಿಯಲ್ಲ, ಕಟ್ಟಿದ ಫೈಬ್ರಿನ್ ಕರಗದಂತೆ ಕಾಯುತ್ತದೆ. ಈ ಔಷಧಿಯನ್ನು ಪರೀಕ್ಷಿಸಿದ, 2017ರಲ್ಲಿ ಫಲಿತಾಂಶ ಹೊರಬಂದ 'ವುಮನ್' ಪ್ರಯೋಗದಲ್ಲಿ 20,000ಕ್ಕೂ ಹೆಚ್ಚು ಬಾಣಂತಿಯರಿದ್ದರು. ಪ್ರಮಾಣ 1 ಗ್ರಾಂ, ರಕ್ತನಾಳಕ್ಕೆ, ಹತ್ತು ನಿಮಿಷದಲ್ಲಿ ನಿಧಾನವಾಗಿ. ಮೂವತ್ತು ನಿಮಿಷದ ಮೇಲೂ ರಕ್ತ ನಿಲ್ಲದಿದ್ದರೆ ಇನ್ನೊಂದು ಗ್ರಾಂ. ಹೆರಿಗೆಯಾಗಿ ಮೂರು ತಾಸಿನೊಳಗೆ ಕೊಟ್ಟರೆ ಮಾತ್ರ ಪ್ರಯೋಜನ.

ಲ್ಯಾಬ್ ಇಲ್ಲದ ಕಡೆ ಹೆರಿಗೆ ಕೋಣೆಯಲ್ಲೇ ನೋಡಬಹುದೇ?

ನೋಡಬಹುದು. ಚಿಕ್ಕ, ಸ್ವಚ್ಛ, ಒಣಗಿದ ಗಾಜಿನ ಟ್ಯೂಬ್‌ಗೆ 2 ಮಿ.ಲೀ. ರಕ್ತ ಹಾಕಿ ಮುಷ್ಟಿಯೊಳಗೆ ಬೆಚ್ಚಗೆ ಹಿಡಿದುಕೊಳ್ಳಿ. ನಾಲ್ಕು ನಿಮಿಷ ಅಲ್ಲಾಡಿಸಬೇಡಿ. ಆಮೇಲೆ ಮೆಲ್ಲಗೆ ಓರೆ ಮಾಡಿ ನೋಡಿ, ಮತ್ತೆ ನಿಮಿಷಕ್ಕೊಮ್ಮೆ ನೋಡುತ್ತಿರಿ. ಸರಿಯಾಗಿ ಕಟ್ಟಿದ ಹೆಪ್ಪು ಟ್ಯೂಬನ್ನು ಬೋರಲು ಮಾಡಿದರೂ ಜಾರುವುದಿಲ್ಲ. ಏಳು ನಿಮಿಷವಾದರೂ ಕಟ್ಟದಿದ್ದರೆ, ಅಥವಾ ಕಟ್ಟಿದ್ದು ಮುಟ್ಟಿದರೆ ಒಡೆದುಹೋಗುವಷ್ಟು ಮೆತ್ತಗಿದ್ದರೆ, ಹೆಪ್ಪುಗಟ್ಟುವ ಶಕ್ತಿ ಕುಂದಿದೆ ಎಂದೇ ತಿಳಿದು ರಕ್ತಕ್ಕಾಗಿ, ಕ್ರಯೋಗಾಗಿ (ಪ್ಲಾಸ್ಮಾದಿಂದ ತೆಗೆದ, ಫೈಬ್ರಿನೋಜನ್ ಹೆಚ್ಚಿರುವ ಭಾಗ) ರಕ್ತನಿಧಿಗೂ ಮುಂದಿನ ಆಸ್ಪತ್ರೆಗೂ ಆಗಲೇ ಫೋನ್ ಮಾಡಬೇಕು.

ಕ್ರಯೋ, ಎಫ್‌ಎಫ್‌ಪಿ, ಕಾನ್ಸಂಟ್ರೇಟ್: ಯಾವುದು, ಎಷ್ಟು?

ಎಫ್‌ಎಫ್‌ಪಿ ಎಂದರೆ ಹೆಪ್ಪುಗಟ್ಟಿಸಿ ಇಟ್ಟ ಪ್ಲಾಸ್ಮಾ ಅಲ್ಲ, ಮಂಜಾಗಿಸಿ ಇಟ್ಟ ಪ್ಲಾಸ್ಮಾ. 200 ಮಿ.ಲೀ. ಚೀಲವೊಂದರಲ್ಲಿ ಸುಮಾರು 400ರಿಂದ 500 ಮಿ.ಗ್ರಾಂ ಫೈಬ್ರಿನೋಜನ್. ಅದೇ ಎಫ್‌ಎಫ್‌ಪಿಯನ್ನು 4 ಡಿಗ್ರಿಯ ಆಸುಪಾಸಿನಲ್ಲಿ ನಿಧಾನವಾಗಿ ಕರಗಿಸಿದಾಗ ತಳದಲ್ಲಿ ಉಳಿಯುವ ಬಿಳಿ ಗಷ್ಟೇ ಕ್ರಯೋಪ್ರೆಸಿಪಿಟೇಟ್. 15-20 ಮಿ.ಲೀ. ಚೀಲದಲ್ಲಿ ಕನಿಷ್ಠ 150, ಹೆಚ್ಚಾಗಿ 200ರ ಮೇಲೆ ಮಿ.ಗ್ರಾಂ ಇರುತ್ತದೆ.

ಲೆಕ್ಕ ಹೀಗೆ. 55 ಕಿಲೋ ತೂಕದ ಹೆಂಗಸಿನಲ್ಲಿ ಕಿಲೋಗೆ 40 ಮಿ.ಲೀ. ಹಿಡಿದರೆ ಪ್ಲಾಸ್ಮಾ 2,200 ಮಿ.ಲೀ., ಅಂದರೆ 22 ಡೆಸಿಲೀಟರ್. ಫೈಬ್ರಿನೋಜನ್ 100ರಿಂದ 200ಕ್ಕೆ ಏರಬೇಕೆಂದರೆ 22 ಗುಣಿಸು 100, ಅಂದರೆ 2,200 ಮಿ.ಗ್ರಾಂ ಬೇಕು. ಕ್ರಯೋದಲ್ಲಾದರೆ ಹತ್ತರಿಂದ ಹದಿನೈದು ಚೀಲ, ಒಟ್ಟು ನೀರಿನಂಶ 300 ಮಿ.ಲೀ. ಒಳಗೆ. ಅದೇ ಎಫ್‌ಎಫ್‌ಪಿಯಲ್ಲಿ ಕೊಡಹೊರಟರೆ ಒಂದು ಲೀಟರ್ ಹತ್ತಿರ ಸುರಿಯಬೇಕು. ಆ ನೀರಿನಿಂದ ಇರುವುದೂ ತೆಳುವಾಗುತ್ತದೆ, ಶ್ವಾಸಕೋಶಕ್ಕೂ ಭಾರ. ರಕ್ತ ಇನ್ನೂ ಹೋಗುತ್ತಿದ್ದರೆ ಈ ಲೆಕ್ಕಕ್ಕಿಂತ ಹೆಚ್ಚೇ ಬೇಕು. ಎರಡು ಚೀಲ ಕ್ರಯೋ ಏರಿಸಿ 'ಕೊಟ್ಟಿದ್ದೇವೆ' ಎಂದುಕೊಂಡರೆ ವಯಸ್ಕರಿಗೆ ಅದು ಕೊಡದೇ ಇದ್ದ ಹಾಗೆಯೇ. 10 ಕಿಲೋ ಮಗುವಿಗೆ ಮಾತ್ರ ಆ ಎರಡು ಚೀಲ ಸಾಕಾಗಬಹುದು.

ಕ್ರಯೋ ಚೀಲವನ್ನು 37 ಡಿಗ್ರಿ ನೀರಿನಲ್ಲಿ ಕರಗಿಸಲು ಹತ್ತು-ಹದಿನೈದು ನಿಮಿಷ ಹಿಡಿಯುತ್ತದೆ. ಕರಗಿದ ಮೇಲೆ ಫ್ರಿಜ್‌ಗೆ ಇಡಬಾರದು, ಮತ್ತೆ ಗಷ್ಟು ಕಟ್ಟುತ್ತದೆ. ಕೋಣೆಯ ತಾಪದಲ್ಲೇ ಇಟ್ಟು ಕೆಲವೇ ತಾಸಿನಲ್ಲಿ ಏರಿಸಿ ಮುಗಿಸಬೇಕು. ಇನ್ನೂ ಒಂದು ತೊಡಕು: ರಕ್ತವನ್ನು ಘಟಕಗಳಾಗಿ ಬೇರ್ಪಡಿಸುವ ಸೌಲಭ್ಯವಿರುವ ರಕ್ತನಿಧಿಯಲ್ಲಿ ಮಾತ್ರ ಕ್ರಯೋ ಸಿಗುತ್ತದೆ. ಹತ್ತಿರದ್ದು ಯಾವುದು ಎಂಬುದು ಹೆರಿಗೆ ಕೋಣೆಯ ಗೋಡೆಯ ಮೇಲೆ ಮೊದಲೇ ಬರೆದಿರಬೇಕು, ರಕ್ತ ಹರಿಯುವಾಗ ಹುಡುಕುವಂತಾಗಬಾರದು.

ಕಾನ್ಸಂಟ್ರೇಟ್ ಎಂದರೆ ಪ್ಲಾಸ್ಮಾದಿಂದ ಬೇರ್ಪಡಿಸಿದ ಫೈಬ್ರಿನೋಜನ್, ಪುಡಿ ರೂಪದಲ್ಲಿ ಬರುತ್ತದೆ. ವೈರಸ್ ನಾಶಪಡಿಸಿ ತಯಾರಿಸಿದ್ದು, ರಕ್ತದ ಗುಂಪು ನೋಡುವ ಅಗತ್ಯವಿಲ್ಲ, ಕೂಡಲೇ ಕದಡಿ ಕೊಡಬಹುದು. ವಯಸ್ಕರಲ್ಲಿ ಮೂರ್ನಾಲ್ಕು ಗ್ರಾಂ ಕೊಟ್ಟರೆ ಡೆಸಿಲೀಟರ್‌ಗೆ ಸುಮಾರು 100 ಮಿ.ಗ್ರಾಂ ಏರುತ್ತದೆ. ಬೆಲೆ ಮಾತ್ರ ದುಬಾರಿ.

ಹಾವು ಕಚ್ಚಿದಾಗ ರಕ್ತ ಹೆಪ್ಪುಗಟ್ಟದೇ ಇರುವುದು ಯಾಕೆ?

ವಿಷ ರಕ್ತವನ್ನು ತೆಳುಮಾಡುತ್ತದೆ ಎಂದು ಜನ ಅಂದುಕೊಂಡಿದ್ದಾರೆ. ನಡೆಯುವುದು ತಿರುವುಮುರುವು. ಕೊಳಕುಮಂಡಲದ ವಿಷ 10ನೇ ಮತ್ತು 5ನೇ ಫ್ಯಾಕ್ಟರ್‌ಗಳನ್ನು ಕೆರಳಿಸುತ್ತದೆ. ಗರಗಸ ಮಂಡಲದ್ದು ನೇರ ಪ್ರೋಥ್ರಾಂಬಿನ್ನನ್ನೇ ಥ್ರಾಂಬಿನ್ ಮಾಡುತ್ತದೆ. ಎರಡರಲ್ಲೂ ಮೈತುಂಬ ಥ್ರಾಂಬಿನ್ ಹುಟ್ಟಿ, ಇರುವ ಫೈಬ್ರಿನೋಜನ್ ಎಲ್ಲ ಬೇಕಿಲ್ಲದ ಕಡೆ ಫೈಬ್ರಿನ್ ಆಗಿ, ಕರಗಿ, ಮುಗಿದುಹೋಗುತ್ತದೆ. ಉಳಿದ ರಕ್ತದಲ್ಲಿ ಹೆಪ್ಪು ಕಟ್ಟಲು ಸರಕೇ ಇರುವುದಿಲ್ಲ. ವಸಡಿನಲ್ಲಿ, ಸೂಜಿ ಚುಚ್ಚಿದ ಜಾಗದಲ್ಲಿ, ಮೂತ್ರದಲ್ಲಿ ರಕ್ತ ಕಾಣಿಸುತ್ತದೆ. ಕಚ್ಚಿದ ಜಾಗವನ್ನು ಬ್ಲೇಡಿನಿಂದ ಕೊಯ್ಯುವ ಹಳೆಯ ರೂಢಿ ಇಂಥವರಲ್ಲಿ ಪ್ರಾಣಕ್ಕೇ ಎರವಾಗುವುದು ಇದಕ್ಕೇ. ಕೈಕಾಲನ್ನು ಪಟ್ಟಿ ಕಟ್ಟಿ ಅಲ್ಲಾಡದಂತೆ ಇಟ್ಟುಕೊಂಡು ಆಸ್ಪತ್ರೆಗೆ ಓಡಬೇಕು, ಬಿಗಿಯಾಗಿ ಹಗ್ಗ ಕಟ್ಟಬಾರದು.



ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ.

ಹಾವು ಕಚ್ಚಿದವರಿಗೆ ಮಾಡುವ 20 ನಿಮಿಷದ ಟ್ಯೂಬ್ ಪರೀಕ್ಷೆಯನ್ನು ಸರಿಯಾಗಿ ಮಾಡುವುದು ಹೇಗೆ?

ರಕ್ತನಾಳದಿಂದ ಆಗಷ್ಟೇ ತೆಗೆದ 2 ಮಿ.ಲೀ. ರಕ್ತವನ್ನು ಹೊಸದಾದ, ಒಣಗಿದ ಗಾಜಿನ ಟ್ಯೂಬ್‌ಗೆ ಹಾಕಿ, ಸ್ಟ್ಯಾಂಡ್‌ನಲ್ಲಿ ನಿಲ್ಲಿಸಿ ಗಡಿಯಾರ ನೋಡಿಕೊಳ್ಳಿ. ಇಪ್ಪತ್ತು ನಿಮಿಷ ಮುಟ್ಟುವಂತಿಲ್ಲ. ಆಮೇಲೆ ಒಂದೇ ಸಲ ಓರೆ ಮಾಡಿ. ರಕ್ತ ನೀರಿನಂತೆ ಹರಿದರೆ ಫೈಬ್ರಿನೋಜನ್ ಬರಿದಾಗಿದೆ, ಮಂಡಲದ ವಿಷ ಏರಿದೆ.

ಕೆಡುವುದು ಟ್ಯೂಬ್‌ನ ವಿಷಯದಲ್ಲೇ. ಪ್ಲಾಸ್ಟಿಕ್ ಟ್ಯೂಬ್ ಆಗದು. ಗಾಜಿನ ಮೈಯೇ ಹೆಪ್ಪುಗಟ್ಟುವ ಕ್ರಿಯೆಯನ್ನು ಶುರುಮಾಡಿಸುವುದು. ಪ್ಲಾಸ್ಟಿಕ್‌ನಲ್ಲಿ ಆರೋಗ್ಯವಂತನ ರಕ್ತವೂ ತಡವಾಗಿ ಕಟ್ಟುತ್ತದೆ. ಸೋಪಿನ ಪುಡಿಯಲ್ಲಿ ತೊಳೆದ ಗಾಜೂ ಹಾಗೇ, ಸೋಪಿನ ಪೊರೆ ಉಳಿದು ಮೋಸ ಮಾಡುತ್ತದೆ. ಅನುಮಾನವಿದ್ದರೆ ಜೊತೆಗೆ ಬಂದವರೊಬ್ಬರ 2 ಮಿ.ಲೀ. ರಕ್ತವನ್ನು ಅದೇ ಬಗೆಯ ಇನ್ನೊಂದು ಟ್ಯೂಬ್‌ಗೆ ಹಾಕಿ ಪಕ್ಕದಲ್ಲಿಡಿ. ಅದೂ ಕಟ್ಟದಿದ್ದರೆ ದೋಷ ಟ್ಯೂಬ್‌ನದ್ದು. ಈ ಒಂದು ಟ್ಯೂಬ್ ಉಳಿಸಲು ಹೋಗಿ ಬೇಡದ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಹಾಕಿದ ಉದಾಹರಣೆಗಳಿಗೆ ಕೊರತೆಯಿಲ್ಲ.

ರಕ್ತ ಕಟ್ಟಿತು ಎಂದ ಮಾತ್ರಕ್ಕೆ ಮನೆಗೆ ಕಳಿಸುವುದೂ ಸರಿಯಲ್ಲ. ಫೈಬ್ರಿನೋಜನ್ ಅಲ್ಪಸ್ವಲ್ಪ ಇಳಿದಿದ್ದರೆ ಈ ಪರೀಕ್ಷೆಗೆ ಗೊತ್ತಾಗುವುದಿಲ್ಲ, ವಿಷ ನಿಧಾನವಾಗಿಯೂ ಏರಬಹುದು. ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುತ್ತ ಕನಿಷ್ಠ 24 ತಾಸು ನಿಗಾದಲ್ಲಿ ಇಟ್ಟುಕೊಳ್ಳಬೇಕು.

ಎಎಸ್‌ವಿ ಕೊಟ್ಟರೂ ರಕ್ತ ಕಟ್ಟುತ್ತಿಲ್ಲ. ಪ್ಲಾಸ್ಮಾ ಕೊಡಬಹುದಲ್ಲ?

ಮೊದಲ ಹತ್ತು ವಯಲ್ ಒಂದು ತಾಸಿನಲ್ಲಿ ಹೋದ ಮೇಲೆ ಮುಂದಿನ ಟ್ಯೂಬ್ ಪರೀಕ್ಷೆ ಆರು ತಾಸಿನ ನಂತರ. ನಡುವೆ ಕಾಯುವುದು ಆಲಸ್ಯವಲ್ಲ. ಎಎಸ್‌ವಿ ವಿಷವನ್ನು ತಟಸ್ಥಗೊಳಿಸುತ್ತದೆಯೇ ಹೊರತು ಫೈಬ್ರಿನೋಜನ್ ತಂದುಕೊಡುವುದಿಲ್ಲ; ಅದನ್ನು ಯಕೃತ್ತೇ ಹೊಸದಾಗಿ ತಯಾರಿಸಬೇಕು, ಅದಕ್ಕೆ ಅಷ್ಟು ಹೊತ್ತು ಬೇಕು. ಆರು ತಾಸಿಗೂ ಕಟ್ಟದಿದ್ದರೆ ವಿಷ ಇನ್ನೂ ಉಳಿದಿದೆ ಎಂದು ಮತ್ತೊಂದು ಸರದಿ ಎಎಸ್‌ವಿ. ಮಕ್ಕಳಿಗೂ ದೊಡ್ಡವರಷ್ಟೇ ಪ್ರಮಾಣ, ಯಾಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ.

ವಿಷ ರಕ್ತದಲ್ಲಿ ಓಡಾಡುತ್ತಿರುವಾಗಲೇ ಪ್ಲಾಸ್ಮಾ, ಕ್ರಯೋ ಕೊಡುವುದು ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತೆ. ಮೊದಲು ಎಎಸ್‌ವಿ. ಅದಾದ ಮೇಲೂ ಪ್ರಾಣಕ್ಕೆ ಅಪಾಯವಾಗುವಷ್ಟು ರಕ್ತಸ್ರಾವವಿದ್ದರೆ ಮಾತ್ರ ಪ್ಲಾಸ್ಮಾದ ಮಾತು.

ಮಲೆನಾಡು, ಕೊಡಗಿನ ಕಡೆಯವರಿಗೆ ಒಂದು ಸೂಚನೆ. ನಮ್ಮಲ್ಲಿ ಸಿಗುವ ಎಎಸ್‌ವಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಪಶ್ಚಿಮಘಟ್ಟದ ತೋಟಗಳಲ್ಲಿ ತರಗೆಲೆಯ ನಡುವೆ ಇರುವ, ಮೂಗಿನ ತುದಿ ಮೇಲಕ್ಕೆ ಎದ್ದ ಗುಳಿಮಂಡಲ ಕಚ್ಚಿದರೂ ರಕ್ತ ಕಟ್ಟದೇ ಹೋಗಬಹುದು, ಕಿಡ್ನಿಗೂ ಪೆಟ್ಟಾಗಬಹುದು. ಅದಕ್ಕೆ ಈ ಎಎಸ್‌ವಿ ಕೆಲಸ ಮಾಡುವುದಿಲ್ಲ. ಹಾವನ್ನು ಹಿಡಿಯಲು, ಕೊಲ್ಲಲು ಹೋಗದೆ ದೂರದಿಂದ ಮೊಬೈಲ್‌ನಲ್ಲಿ ಫೋಟೋ ಸಿಕ್ಕರೆ ತೋರಿಸಿ.

ಫೈಬ್ರಿನೋಜನ್ ಹೆಚ್ಚಿದ್ದರೆ ಹಾರ್ಟ್ ಅಟ್ಯಾಕ್ ಆಗುತ್ತದೆಯೇ?

ಹೆಚ್ಚಿರುವವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡುಬರುತ್ತವೆ ಎಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1987ರಲ್ಲೇ ತೋರಿಸಿತ್ತು. ಆದರೆ ಹುಟ್ಟಿನಿಂದಲೇ ಫೈಬ್ರಿನೋಜನ್ ತುಸು ಹೆಚ್ಚಾಗಿಸುವ ಜೀನ್ ಇರುವವರಲ್ಲಿ ಹೃದಯಾಘಾತ ಅದಕ್ಕೆ ತಕ್ಕಂತೆ ಹೆಚ್ಚಿಲ್ಲ ಎಂದು ನಂತರದ ಅಧ್ಯಯನಗಳು ತಿಳಿಸಿದವು. ಹಾಗಾಗಿ ಅದನ್ನು ಕಾರಣ ಎನ್ನುವುದಕ್ಕಿಂತ ಒಳಗಿನ ಉರಿಯೂತದ ಕುರುಹು ಎನ್ನುವುದೇ ಸರಿ. ಬೀಡಿ-ಸಿಗರೇಟು, ಬೊಜ್ಜು, ಸಕ್ಕರೆ ಕಾಯಿಲೆ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ, ವಯಸ್ಸು ಎಲ್ಲವೂ ಇದನ್ನು ಏರಿಸುತ್ತವೆ. ಸೇದುವುದು ಬಿಟ್ಟರೆ ಇಳಿಯುತ್ತದೆ.

'ಫುಲ್ ಬಾಡಿ ಚೆಕಪ್' ಪ್ಯಾಕೇಜಿನಲ್ಲಿ ಬಂದ 430 ಎಂಬ ಸಂಖ್ಯೆ ಹಿಡಿದುಕೊಂಡು ನಿದ್ದೆಗೆಡಬೇಕಾಗಿಲ್ಲ. ಹಿಂದಿನ ವಾರ ಬಂದುಹೋದ ನೆಗಡಿ ಜ್ವರವೂ ಅಷ್ಟು ಏರಿಸಬಲ್ಲದು. ಆಸ್ಪಿರಿನ್, ವಾರ್ಫರಿನ್‌ಗಳು ಫೈಬ್ರಿನೋಜನ್ ಇಳಿಸುವ ಮಾತ್ರೆಗಳಲ್ಲ.

ಇಎಸ್‌ಆರ್‌ಗೂ ಇದಕ್ಕೂ ಏನು ಸಂಬಂಧ?

ಬಹಳ ಹತ್ತಿರದ್ದು. ಟ್ಯೂಬ್‌ನಲ್ಲಿ ಕೆಂಪುಕಣಗಳು ಎಷ್ಟು ಬೇಗ ಕೆಳಗಿಳಿಯುತ್ತವೆ ಎಂಬ ಅಳತೆಯೇ ಇಎಸ್‌ಆರ್. ಫೈಬ್ರಿನೋಜನ್ ಹೆಚ್ಚಾದರೆ ಕೆಂಪುಕಣಗಳು ಒಂದರ ಮೇಲೊಂದು ಅಂಟಿಕೊಂಡು ಬೇಗ ಕೆಳಗಿಳಿಯುತ್ತವೆ. ಕ್ಷಯ, ಸಂಧಿವಾತದಲ್ಲಿ ಇಎಸ್‌ಆರ್ ಏರಲು ಮುಖ್ಯ ಕಾರಣ ಇದು. ಗಮನಿಸಬೇಕಾದದ್ದು ಇದರ ಉಲ್ಟಾ. ಡೆಂಗಿಯಂಥ ಸೋಂಕಿನ ಬೆನ್ನಿಗೆ ಜ್ವರ ಬಿಡದೆ, ರೋಗಿ ಸೊರಗುತ್ತಿರುವಾಗ ಇಎಸ್‌ಆರ್ 80ರಿಂದ 12ಕ್ಕೆ ಇಳಿದರೆ ಅದು ಗುಣವಾಗುವ ಲಕ್ಷಣವಲ್ಲ. ಫೈಬ್ರಿನೋಜನ್ ಕುಸಿಯುತ್ತಿರಬಹುದು. ರೋಗನಿರೋಧಕ ವ್ಯವಸ್ಥೆ ಹತೋಟಿ ತಪ್ಪುವ ಎಚ್‌ಎಲ್‌ಎಚ್ ಎಂಬ ಅಪಾಯದ ಸ್ಥಿತಿಯ ಮಾನದಂಡಗಳಲ್ಲಿ ಫೈಬ್ರಿನೋಜನ್ 150 ಅಥವಾ ಕಡಿಮೆ ಎಂಬುದೂ ಒಂದು. ಆಗ ಫೆರಿಟಿನ್ (ಕಬ್ಬಿಣ ಕೂಡಿಡುವ ಪ್ರೋಟೀನ್) ಕೂಡ ನೋಡಿಸಬೇಕು.

ಡಿ-ಡೈಮರ್ ಎಂದರೆ ಇದರದ್ದೇ ತುಂಡೇ?

ಹೌದು. 13ನೇ ಫ್ಯಾಕ್ಟರ್ ಬೆಸೆದ ಫೈಬ್ರಿನ್ ಕರಗುವಾಗ ಬರುವ ತುಂಡು. ಅದು ಕಡಿಮೆಯಿದ್ದರೆ, ಅನುಮಾನವೂ ಕಡಿಮೆಯಿರುವ ರೋಗಿಯಲ್ಲಿ, ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪಿಲ್ಲ ಎನ್ನಬಹುದು. ಹೆಚ್ಚಿದ್ದರೆ ಮಾತ್ರ ಹೆಪ್ಪಿದೆ ಎಂದು ಸಾಬೀತಾಗದು. ಬಸುರು, ಸೋಂಕು, ಆಪರೇಷನ್, ವಯಸ್ಸು ಎಲ್ಲದರಲ್ಲೂ ಏರುತ್ತದೆ. ಎಫ್‌ಇಯು, ಡಿಡಿಯು ಎಂಬ ಎರಡು ಅಳತೆಗಳಿವೆ, ಮೊದಲನೆಯದರ ಸಂಖ್ಯೆ ಎರಡನೆಯದರ ಸುಮಾರು ಇಮ್ಮಡಿ. ಎರಡು ಲ್ಯಾಬ್‌ಗಳ ರಿಪೋರ್ಟ್ ಹೋಲಿಸುವ ಮುನ್ನ ಅದನ್ನು ನೋಡಿಕೊಳ್ಳಿ.

ಏನು ತಿಂದರೆ ಹೆಚ್ಚುತ್ತದೆ? ವಿಟಮಿನ್ ಕೆ ಇಂಜೆಕ್ಷನ್?

ಹೆಚ್ಚಿಸುವ ಆಹಾರವಿಲ್ಲ. ವಿಟಮಿನ್ ಕೆ ಬೇಕಾಗುವುದು 2, 7, 9, 10ನೇ ಫ್ಯಾಕ್ಟರ್‌ಗಳಿಗೆ, ಫೈಬ್ರಿನೋಜನ್‌ಗೆ ಅಲ್ಲ. ಪಪ್ಪಾಯಿ ಎಲೆಯ ರಸಕ್ಕೂ ಇದಕ್ಕೂ ಸಂಬಂಧವಿಲ್ಲ.

ಔಷಧಿಯಿಂದ ಇಳಿಯಬಹುದೇ?

ಖಂಡಿತ. ಮಕ್ಕಳ ರಕ್ತ ಕ್ಯಾನ್ಸರ್‌ಗೆ ಕೊಡುವ ಆಸ್ಪರಾಜಿನೇಸ್, ಹೃದಯಾಘಾತದಲ್ಲಿ ಹೆಪ್ಪು ಕರಗಿಸಲು ಕೊಡುವ ಸ್ಟ್ರೆಪ್ಟೋಕೈನೇಸ್, ಐಸಿಯುಗಳಲ್ಲಿ ಬಳಸುವ ಟೈಗೆಸೈಕ್ಲಿನ್ ಎಂಬ ಆಂಟಿಬಯಾಟಿಕ್, ಮೂರೂ ಇಳಿಸುತ್ತವೆ. ಟೈಗೆಸೈಕ್ಲಿನ್ ವಿಷಯ ಮರೆತುಹೋಗುವುದೇ ಹೆಚ್ಚು. ನಿಲ್ಲಿಸಿದರೆ ತಾನಾಗಿ ಏರುತ್ತದೆ. ಯಕೃತ್ತಿನ ಕಾಯಿಲೆಯಲ್ಲಿ ಫೈಬ್ರಿನೋಜನ್ ಕೊನೆಯ ಹಂತದವರೆಗೂ ಹೇಗೋ ಉಳಿದಿರುತ್ತದೆ. ಸಿರೋಸಿಸ್ ಇರುವವರಲ್ಲಿ 100ರ ಕೆಳಗೆ ಬಂತೆಂದರೆ ಯಕೃತ್ತಿನ ಶಕ್ತಿ ಬಹಳ ಕುಂದಿದೆ ಎಂದರ್ಥ.

ಹುಟ್ಟಿನಿಂದಲೇ ಇಲ್ಲದಿರುವುದು ಸಾಧ್ಯವೇ?

ಸಾಧ್ಯ. ಪೂರ್ತಿ ಇಲ್ಲದ ಸ್ಥಿತಿಯನ್ನು 1920ರಲ್ಲಿ ಮೊದಲು ವರದಿ ಮಾಡಿದರು. ಹತ್ತು ಲಕ್ಷಕ್ಕೆ ಒಬ್ಬರಲ್ಲಿ ಎಂದು ಅಂದಾಜು. ಹಿಮೋಫಿಲಿಯಾ ಹೆಚ್ಚಾಗಿ ಗಂಡುಮಕ್ಕಳಿಗೆ ಬಂದರೆ ಇದು ಗಂಡು-ಹೆಣ್ಣು ಇಬ್ಬರಿಗೂ ಸಮನಾಗಿ ಬರುತ್ತದೆ. ತಂದೆ, ತಾಯಿ ಇಬ್ಬರಲ್ಲೂ ಒಂದೊಂದು ದೋಷದ ಜೀನ್ ಇದ್ದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಅಕ್ಕನ ಮಗಳನ್ನು, ಸೋದರತ್ತೆ ಅಥವಾ ಸೋದರಮಾವನ ಮಕ್ಕಳನ್ನು ಮದುವೆಯಾಗುವ ರೂಢಿಯಿರುವ ಮನೆತನಗಳಲ್ಲಿ ಒಂದೇ ಜೀನ್ ಎರಡೂ ಕಡೆಯಿಂದ ಬಂದು ಸೇರುವುದು ಸುಲಭ.

ಮೊದಲ ಸುಳಿವು ಹೊಕ್ಕುಳಿನಲ್ಲಿ. ಹೊಕ್ಕುಳಬಳ್ಳಿ ಉದುರಿದ ಜಾಗದಿಂದ ರಕ್ತ ಜಿನುಗುತ್ತ ಬಟ್ಟೆ ಒದ್ದೆಯಾಗುತ್ತಲೇ ಇದ್ದರೆ ಅರಿಶಿನ ಒತ್ತಿ ಕಾಯಬೇಡಿ. ಪಿಟಿ, ಎಪಿಟಿಟಿ, ಥ್ರಾಂಬಿನ್ ಟೈಮ್ ಮೂರರಲ್ಲೂ 'ಹೆಪ್ಪುಗಟ್ಟಲಿಲ್ಲ' ಎಂದು ಬಂದು, ಬೇರೆಯವರ ಪ್ಲಾಸ್ಮಾ ಅರ್ಧ ಬೆರೆಸಿದ ಕೂಡಲೇ ಸರಿಹೋದರೆ ಇದೇ ಎಂದು ಬಹುತೇಕ ಖಚಿತ. ಅಂಥ ಮಗುವಿನ ತಂದೆ-ತಾಯಿಯಲ್ಲಿ ಫೈಬ್ರಿನೋಜನ್ ಸಾಮಾನ್ಯವಾಗಿ ಅರ್ಧದಷ್ಟಿರುತ್ತದೆ, ತೊಂದರೆ ಏನೂ ಕಾಣಿಸದು.

ಇನ್ನೊಂದು ಬಗೆಯಲ್ಲಿ ಪ್ರಮಾಣ ಸರಿಯಿದ್ದು ರಚನೆಯಲ್ಲಿ ದೋಷವಿರುತ್ತದೆ. ಇಂಥವರಲ್ಲಿ ಕೆಲವರಿಗೆ ರಕ್ತಸ್ರಾವ, ಕೆಲವರಿಗೆ ಉಲ್ಟಾ ರಕ್ತನಾಳದಲ್ಲಿ ಹೆಪ್ಪು, ಅನೇಕರಿಗೆ ಏನೂ ಇಲ್ಲ. ಕ್ಲಾಸ್ ವಿಧಾನದಲ್ಲಿ ಕಡಿಮೆ, ಪ್ರೋಟೀನ್ ಅಳೆಯುವ ಇಮ್ಯುನೋಅಸ್ಸೇಯಲ್ಲಿ ಸರಿ, ಹೀಗೆ ಎರಡು ಫಲಿತಾಂಶಗಳು ಹೊಂದದಿರುವುದರಿಂದಲೇ ಇದು ಗೊತ್ತಾಗುತ್ತದೆ.

ಫೈಬ್ರಿನೋಜನ್ ಪೂರ್ತಿ ಇಲ್ಲದ ಮಗುವನ್ನು ನೋಡಿಕೊಳ್ಳುವುದು ಹೇಗೆ?

ಲಸಿಕೆ ತಪ್ಪಿಸಬೇಡಿ, ಹೆಪಟೈಟಿಸ್ ಬಿ ಲಸಿಕೆಯನ್ನಂತೂ ಬಿಡಲೇಬೇಡಿ, ಏಕೆಂದರೆ ಮುಂದೆ ರಕ್ತದ ಉತ್ಪನ್ನಗಳನ್ನು ಪಡೆಯಬೇಕಾಗುತ್ತದೆ. ಸಣ್ಣ ಸೂಜಿ ಬಳಸಲು ಹೇಳಿ, ಆ ಜಾಗವನ್ನು ಉಜ್ಜದೆ ಹತ್ತು ನಿಮಿಷ ಒತ್ತಿ ಹಿಡಿಯಿರಿ. ಕಿವಿ ಚುಚ್ಚಿಸುವುದು, ಸುನ್ನತಿ, ಹಲ್ಲು ಕೀಳಿಸುವುದು ಯಾವುದನ್ನೂ ಹೆಮಟಾಲಜಿ ವೈದ್ಯರಿಗೆ ಹೇಳದೆ ಮಾಡಿಸಬಾರದು. ಜ್ವರ, ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ. ತಲೆಗೆ ಪೆಟ್ಟು ಬಿದ್ದರೆ ಮಗು ಆಟವಾಡುತ್ತಿದ್ದರೂ ಮೊದಲು ಫೈಬ್ರಿನೋಜನ್, ಆಮೇಲೆ ಸ್ಕ್ಯಾನ್.

ಕೊಟ್ಟ ಫೈಬ್ರಿನೋಜನ್ ಮೂರ್ನಾಲ್ಕು ದಿನದಲ್ಲಿ ಅರ್ಧಕ್ಕಿಳಿಯುತ್ತದೆ. ಎಂಟನೇ ಫ್ಯಾಕ್ಟರ್‌ನಂತೆ ದಿನಕ್ಕೆರಡು ಸಲ ಕೊಡುವ ಕಷ್ಟವಿಲ್ಲ ಎಂಬುದು ಸಮಾಧಾನದ ಸಂಗತಿ. ಹೆಣ್ಣುಮಗುವಾದರೆ ಮೊದಲ ಮುಟ್ಟಿಗೆ ಮುಂಚೆಯೇ ವೈದ್ಯರೊಂದಿಗೆ ಮಾತಾಡಿಟ್ಟುಕೊಳ್ಳಿ. ಮುಂದೆ ಬಸುರಾದಾಗ ಗೊತ್ತಾದ ದಿನದಿಂದಲೇ ಫೈಬ್ರಿನೋಜನ್ ಕೊಡಲು ಶುರುಮಾಡಬೇಕು, ಇಲ್ಲದಿದ್ದರೆ ಎರಡನೇ ತಿಂಗಳು ಮುಗಿಯುವುದರೊಳಗೆ ಗರ್ಭಪಾತವಾಗುವ ಸಂಭವ ಹೆಚ್ಚು.

ಕಾಯಿಲೆಯ ಹೆಸರು, ರಕ್ತದ ಗುಂಪು, ತೂಕ, ಕೊನೆಯ ಸಲ ಕೊಟ್ಟ ಪ್ರಮಾಣ, ವೈದ್ಯರ ಫೋನ್ ನಂಬರ್ ಬರೆದ ಚೀಟಿ ಶಾಲೆಯ ಬ್ಯಾಗಿನಲ್ಲಿ ಒಂದು, ಮನೆಯಲ್ಲಿ ಒಂದು ಇರಲಿ. ಹಿಮೋಫಿಲಿಯಾ ಚಿಕಿತ್ಸಾ ಕೇಂದ್ರಗಳು ಇಂಥ ಅಪರೂಪದ ಕೊರತೆಗಳನ್ನೂ ನೋಡುತ್ತವೆ. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಕಾಯಿಲೆ ಪತ್ತೆಯಾದ ಕೂಡಲೇ ಹತ್ತಿರದ ಕೇಂದ್ರದಲ್ಲಿ ಮಗುವಿನ ಹೆಸರು ನೋಂದಾಯಿಸಿ, ಅಣ್ಣ-ತಮ್ಮ, ಅಕ್ಕ-ತಂಗಿಯರ ರಕ್ತವನ್ನೂ ಅದೇ ದಿನ ಪರೀಕ್ಷೆಗೆ ಕೊಡಿ.